ಹೆದ್ದಾರಿಯ ಜೊತೆ ಟೂ ಬಿಟ್ಟ ಭಾವ

ನಮ್ಮ ಭಾವ ಒಂದು ಮೊಳೆ ಹೊಡೆಯಬೇಕಾದ ಕಡೆ ನಾಲ್ಕು ಹೊಡೆಯುವ ಮನುಷ್ಯ. ಅಕ್ಕನ ಅಡುಗೆಮನೆಯಲ್ಲಿ ಉಪ್ಪು, ಸಕ್ಕರೆ ಡಬ್ಬಿಗಳನ್ನು ಇಡುವುದಕ್ಕೆಂದು ಅವರು ಹಾಕಿಕೊಟ್ಟ ಹಲಗೆಯ ಮೇಲೆ ಬೇಕಾದರೆ ನಾನೇ ಹತ್ತಿ ಮಲಗಬಹುದು. ನಾನೇನೂ ತೆಳ್ಳಗಿನ ಹೆಂಗಸಲ್ಲ. ನನ್ನ ಹೊಲಿಗೆ ಯಂತ್ರದ ಮೇಜು ಸ್ವಲ್ಪ ಅಲ್ಲಾಡುತ್ತದೆ ಎಂದು ಒಮ್ಮೆ ಬಾಯಿತಪ್ಪಿ ಹೇಳಿದೆ. ಮಾರನೆಯ ದಿನ ನೋಡಿದರೆ ಮೇಜಿಗೆ ಎರಡು ಕಾಲು ಹೆಚ್ಚಿಗೆ ಬಂದಿದ್ದವು. ಮಂಚ ಕಿರುಗುಟ್ಟುತ್ತದೆ ಎಂದಾಗಲಂತೂ ಅದರ ಅಡಿಗೆ ಕಬ್ಬಿಣದ ಪಟ್ಟಿಗಳನ್ನು ಅಡ್ಡಡ್ಡ ಬಿಗಿದುಕೊಟ್ಟರು. ಕಿರುಗುಟ್ಟುವುದು ನಿಂತಿತು, ಅದರ ಜೊತೆಗೆ ನನ್ನ ನಿದ್ದೆಯೂ ನಿಂತಿತು. ಯಾಕೆ ಇಷ್ಟೆಲ್ಲ ಎಂದು ಕೇಳಿದರೆ ಅವರ ಬಾಯಲ್ಲಿ ಬರುವುದು ಒಂದೇ ಮಾತು: "ಇರ್ಲಿ ಬಿಡು, ಗಟ್ಟಿಗಿರ್ಲಿ."

ಈ ಮಾತನ್ನು ಕೇಳಿ ಕೇಳಿ ಬೀದಿಯವರು ಅವರ ಸ್ವಂತ ಹೆಸರನ್ನೇ ಮರೆತಿದ್ದಾರೆ. "ಗಟ್ಟಿಗಿರ್ಲಿ ಇದ್ದಾರಾ?" ಎಂದು ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಭಾವ ಗಾಡಿಯ ಅಡಿಯಿಂದ ಕಾಲು ಮಾತ್ರ ಕಾಣುವ ಹಾಗೆ ಮಲಗಿದ್ದಲ್ಲಿಂದಲೇ "ಹೂಂ" ಅನ್ನುತ್ತಾರೆ. ಬೇಸರವೇನಿಲ್ಲ. ಅವರು ಬಿಗಿದ ಬೋಲ್ಟು ಸಡಿಲವಾಯಿತು ಎಂದು ಯಾರೂ ಈವರೆಗೆ ವಾಪಸು ಬಂದಿಲ್ಲ. ಬಿಚ್ಚುವುದಕ್ಕೆ ಆಗುತ್ತಿಲ್ಲ ಎಂದು ಬಂದವರುಂಟು.

ಕೆಳಗೆ ಅವರ ಗ್ಯಾರೇಜು, ಅದರ ಹಿಂದೆ ಅವರ ಮನೆ, ಮೇಲೆ ನನ್ನ ಹೊಲಿಗೆ ಅಂಗಡಿ ಮತ್ತು ನನ್ನ ಒಂದು ಕೋಣೆ. ಮದುವೆಯ ಗೋಜಿಗೆ ಹೋಗದ ನಾನು ಅಕ್ಕನ ಬೆನ್ನಿಗೇ ಬಂದು ಇಲ್ಲಿ ಸೇರಿಕೊಂಡವಳು. ನನ್ನ ಕಿಟಕಿಯಲ್ಲಿ ಕೂತರೆ ಗ್ಯಾರೇಜಿನ ಅಂಗಳ ಪೂರ್ತಿ ಕಾಣುತ್ತದೆ: ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಒರಗಿಸಿದ ಹಳೆಯ ಟೈರುಗಳು, ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ತೂಗುಹಾಕಿದ ಹಲಗೆ. ಮಧ್ಯೆ ಎಲ್ಲಿಯೋ ಭಾವನ ಕಾಲು. ಮೂವತ್ತು ವರ್ಷಗಳಿಂದ ನಾನು ಆ ಕಾಲುಗಳ ಜೊತೆಗೇ ಹೆಚ್ಚು ಮಾತಾಡಿದ್ದೇನೆ.

ಅವರ ಈ ಗಟ್ಟಿತನದ ಹುಚ್ಚಿಗೆ ಒಂದು ಕಾರಣವಿದೆ. ಅದನ್ನು ಅವರು ಹೇಳಿದ್ದಲ್ಲ, ಅಕ್ಕ ಹೇಳಿದ್ದು. ಭಾವನ ಅಪ್ಪ ಲಾರಿ ಓಡಿಸುತ್ತಿದ್ದರು. ಒಂದು ದಿನ ಇಟ್ಟಿಗೆ ತುಂಬಿಕೊಂಡು ಬರುವಾಗ ತಿರುವಿನಲ್ಲಿ ಲಾರಿಯ ಹಿಂದಿನ ಕಮಾನು ಮುರಿಯಿತು. ಕಮಾನು ಅಂದರೆ ಗಾಡಿಯ ಭಾರ ಹೊರುವುದಕ್ಕೆ ಚಕ್ರದ ಹತ್ತಿರ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಲಾರಿ ಒಂದು ಪಕ್ಕಕ್ಕೆ ವಾಲಿ ಹಳ್ಳಕ್ಕೆ ಇಳಿಯಿತು. ಅಪ್ಪನ ಜೀವ ಉಳಿಯಿತು, ಆದರೆ ಕಾಲು ಸೊಟ್ಟಗಾಯಿತು. ಆಮೇಲೆ ಅವರು ಸ್ಟೇರಿಂಗ್ ಮುಟ್ಟಲಿಲ್ಲ. ಆ ದಿನ ಲಾರಿಯಲ್ಲಿ ಅವರ ಪಕ್ಕ ಕೂತಿದ್ದ ಮಗ ನಮ್ಮ ಭಾವ. "ಇನ್ನೊಂದು ಪಟ್ಟಿ ಇದ್ದಿದ್ರೆ ಮುರೀತಿರ್ಲಿಲ್ಲ" ಎಂದು ಅಪ್ಪ ಸಾಯುವ ತನಕ ಹೇಳುತ್ತಿದ್ದರಂತೆ.

ಇದಕ್ಕೇ ಇರಬೇಕು, ಬೇರೆ ಯಾರು ಗಾಡಿ ಓಡಿಸಿದರೂ ಭಾವನಿಗೆ ನೆಮ್ಮದಿಯಿಲ್ಲ. ಪಕ್ಕದಲ್ಲಿ ಕೂತು ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಮುಂದೆ ಒಂದು ಸೈಕಲ್ ಕಂಡರೆ ಸಾಕು, ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಾರೆ. ಒಮ್ಮೆ ಬಸ್ಸಿನಲ್ಲಿ ಹೋಗುವಾಗ ಹಾಗೆ ಒತ್ತಿ ಒತ್ತಿ ಮುಂದಿನ ಸೀಟಿನ ಕೆಳಗಿದ್ದ ಯಾರದೋ ಚೀಲದೊಳಗಿನ ಟೊಮೆಟೊಗಳ ಕಥೆ ಮುಗಿಸಿದ್ದರು.

ಇಂಥವರು ಹೆದ್ದಾರಿಯ ಜೊತೆ ಟೂ ಬಿಟ್ಟಿದ್ದು ಮಾತ್ರ ಬೇರೆ ವಿಚಾರ. ನಮ್ಮ ಬೀದಿಯೇ ಮುಂಚೆ ದೊಡ್ಡ ರಸ್ತೆಯಾಗಿತ್ತು. ಲಾರಿ, ಬಸ್ಸು, ಕಾರು, ಎಲ್ಲವೂ ನಮ್ಮ ಬಾಗಿಲ ಮುಂದೆಯೇ ಹೋಗಬೇಕು. ಕೆಟ್ಟರೆ ಭಾವನ ಗ್ಯಾರೇಜಿನ ಮುಂದೆಯೇ ಕೆಡುತ್ತಿದ್ದವೇನೋ ಎನ್ನುವಷ್ಟು ಕೆಲಸ. ಆಮೇಲೆ ಊರಿನ ಹೊರಗೆ ಕಾಂಕ್ರೀಟಿನ ಹೆದ್ದಾರಿ ಬಂತು. ಉದ್ದಕ್ಕೆ, ಅಗಲಕ್ಕೆ, ಬೆಳ್ಳಗೆ. ಗಾಡಿಗಳೆಲ್ಲ ಆ ಕಡೆ ಹೋದವು. ಭಾವನಿಗೆ ಊಟಕ್ಕೇನೂ ತೊಂದರೆಯಾಗಲಿಲ್ಲ, ಊರಿನ ಗಾಡಿಗಳೇ ಬೇಕಾದಷ್ಟಿದ್ದವು. ಆದರೆ ಅವಮಾನವಾಯಿತು. ಹೇಳದೆ ಕೇಳದೆ ಪಕ್ಕದಲ್ಲೇ ಬಂದು ಕೂತು ತನ್ನ ಗಿರಾಕಿಗಳನ್ನು ಕರೆದುಕೊಂಡು ಹೋದ ಆ ರಸ್ತೆಗೆ ಚಕ್ರ ಇಡುವುದಿಲ್ಲ ಎಂದು ಹಠ ಹಿಡಿದರು. ಪಕ್ಕದ ಪಟ್ಟಣಕ್ಕೆ ಹೋಗಬೇಕಾದರೆ ಹಳೆಯ ರಸ್ತೆಯಲ್ಲೇ, ರೈಲ್ವೆ ಗೇಟಿನಲ್ಲಿ ನಿಂತು, ಮೂರು ಮಾರುಕಟ್ಟೆಗಳನ್ನು ದಾಟಿಕೊಂಡು ಹೋಗುತ್ತಿದ್ದರು. ಮೊಮ್ಮಗುವನ್ನು ಮೊದಲ ಸಲ ನೋಡುವುದಕ್ಕೆ ಹೊರಟಾಗಲೂ ಹಾಗೆಯೇ ಹೋದರು. ಇವರು ತಲುಪುವಷ್ಟರಲ್ಲಿ ಮಗು ಹಾಲು ಕುಡಿದು ಮಲಗಿತ್ತು. ಅದು ಏಳುವ ತನಕ ಬಾಗಿಲ ಹತ್ತಿರ ಕಾದರು, ಹಠ ಮಾತ್ರ ಬಿಡಲಿಲ್ಲ.

ಇನ್ನು ನಮ್ಮ ಅಕ್ಕ. ಮದುವೆಯಾದಾಗಿನಿಂದ ಅವಳು ಪಕ್ಕದ ಸೀಟಿನ ಹೆಂಗಸು. ಮಗಳು ತನ್ನ ಸಂಸಾರ ಹೂಡಿಕೊಂಡು ಹೋದ ಮೇಲೆ ಮನೆಯಲ್ಲಿ ಕೆಲಸ ಕಡಿಮೆಯಾಯಿತು. ಒಂದು ದಿನ ನನ್ನ ಅಂಗಡಿಗೆ ಬಂದು, ಗುಂಡಿ ಡಬ್ಬಿಯೊಳಗೆ ಕೈಯಾಡಿಸುತ್ತಾ, "ನಾನು ಗಾಡಿ ಕಲೀತಿದ್ದೀನಿ ಕಣೇ" ಎಂದಳು. ಕಲಿಯುತ್ತೇನೆ ಎನ್ನಲಿಲ್ಲ, ಕಲಿಯುತ್ತಿದ್ದೇನೆ ಎಂದಳು. ಸೊಪ್ಪು ತರುತ್ತೇನೆಂದು ಹೇಳಿ ಹದಿನೈದು ದಿನಗಳಿಂದ ಡ್ರೈವಿಂಗ್ ಸ್ಕೂಲಿಗೆ ಹೋಗುತ್ತಿದ್ದಳಂತೆ. ಇವರ ಮನೆಯಲ್ಲಿ ಯಾಕೆ ದಿನಾ ಸೊಪ್ಪಿನ ಪಲ್ಯ ಎಂದು ನನಗೂ ಆಗ ಅರ್ಥವಾಯಿತು.

ಲೈಸೆನ್ಸ್ ಬಂದ ಮೇಲೆ ಗಂಡನ ಮುಂದೆ ಇಟ್ಟಳು. ಭಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೇಡ ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಗ್ಯಾರೇಜಿನ ಮೂಲೆಯಲ್ಲಿ ಒಬ್ಬ ಗಿರಾಕಿ ಊರು ಬಿಟ್ಟು ಹೋಗುವಾಗ ಇವರಿಗೇ ಮಾರಿ ಹೋಗಿದ್ದ ಪಿಕಪ್ ಗಾಡಿಯೊಂದಿತ್ತು. ಮಾರನೆಯ ಬೆಳಗ್ಗೆ ಅದನ್ನು ಜ್ಯಾಕಿನ ಮೇಲೆ ಎತ್ತಿ ಅಡಿಗೆ ಮಲಗಿದವರು ಒಂದು ವಾರ ಅಲ್ಲಿಯೇ ಇದ್ದರು. ಏನು ಮಾಡುತ್ತಿದ್ದೀರಿ ಎಂದರೆ "ಸರ್ವಿಸ್" ಎಂದಷ್ಟೇ ಉತ್ತರ. ಅಡಿಭಾಗಕ್ಕೆಲ್ಲ ಕಪ್ಪು ಬಣ್ಣ ಬಳಿದು, ಕೀಯನ್ನು ಒರೆಸಿ ಅಕ್ಕನ ಕೈಗೆ ಕೊಟ್ಟರು. ಅಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ, ಆ ದಿನ ಅಡುಗೆಯ ಕಡೆಗೆ ಯಾರೂ ತಲೆ ಹಾಕಲಿಲ್ಲ. ನಾನೇ ಬ್ರೆಡ್ ತಂದು ಎಲ್ಲರಿಗೂ ಕೊಟ್ಟೆ.

ಅವಳಿಗೆ ಕೆಲಸವೂ ಬೇಗ ಸಿಕ್ಕಿತು. ಬೀದಿಯ ಕೊನೆಯ ಬೇಕರಿಯಿಂದ ಪಕ್ಕದ ಪಟ್ಟಣದ ಅಂಗಡಿಗಳಿಗೆ ಬನ್ನು, ಬ್ರೆಡ್ಡು, ಕೇಕು ತಲುಪಿಸುವ ಕೆಲಸ. ಬೆಳಗ್ಗೆ ಎದ್ದು ತಲೆಗೂದಲನ್ನು ಬಿಗಿಯಾಗಿ ಕಟ್ಟಿ, ಕನ್ನಡಿಗಳನ್ನು ಒರೆಸಿ, ಹಾರನ್ ಒಂದು ಸಲ ಒತ್ತಿ ನೋಡಿ ಹೊರಡುತ್ತಿದ್ದಳು. ಹಾರನ್ ಒತ್ತುವ ಅಗತ್ಯವೇನೂ ಇರಲಿಲ್ಲ, ನಮಗೆಲ್ಲ ಕೇಳಿಸಲಿ ಅಂತ. ಬರುವಾಗ ಮುಖದಲ್ಲಿ ಬೇರೆಯದೇ ಕಳೆ. ಯಾವ ಅಂಗಡಿಯವನು ಏನಂದ, ಯಾವ ಲಾರಿಯವನು ದಾರಿ ಬಿಟ್ಟ, ಯಾವ ಕಾರಿನವನು ಮೂತಿ ತಿರುಗಿಸಿದ, ಎಲ್ಲವನ್ನೂ ನನ್ನ ಕತ್ತರಿಯ ಮುಂದೆ ಕೂತು ಹೇಳುವಳು. ಐವತ್ತು ದಾಟಿದ ಮೇಲೆ ಅಕ್ಕನಿಗೆ ಹೇಳಿಕೊಳ್ಳುವುದಕ್ಕೆ ತನ್ನದೇ ಆದ ಸಂಗತಿಗಳು ಸಿಕ್ಕಿದ್ದವು.

ಅವಳು ಹೋಗುತ್ತಿದ್ದದ್ದು ಹೆದ್ದಾರಿಯಲ್ಲಿ. ಹಳೆಯ ರಸ್ತೆಯಲ್ಲಿ ಹೋದರೆ ಬನ್ನು ತಲುಪುವಷ್ಟರಲ್ಲಿ ರಸ್ಕು ಆಗುತ್ತದೆ. ಭಾವನಿಗೂ ಗೊತ್ತಿತ್ತು. ಅದರ ಬಗ್ಗೆ ಇಬ್ಬರೂ ಬಾಯಿ ಬಿಡಲಿಲ್ಲ.

ಬನ್ನು, ಬ್ರೆಡ್ಡಿಗೆ ತೊಂದರೆಯಿರಲಿಲ್ಲ. ಕೆನೆಯ ಹೂವು ಬಿಡಿಸಿದ ಕೇಕುಗಳನ್ನು ಕಳಿಸುವುದಕ್ಕೆ ಶುರು ಮಾಡಿದ ಮೇಲೆ ಗಾಡಿಯ ಗುಣ ಹೊರಗೆ ಬಿತ್ತು. ಹೆದ್ದಾರಿ ಹತ್ತಿ ವೇಗ ಎಂಬತ್ತರ ಹತ್ತಿರ ಬಂದ ಕೂಡಲೇ ಗಾಡಿಯ ಹಿಂಭಾಗ ಕುಣಿಯತೊಡಗುತ್ತಿತ್ತು. ಒಂದು ಸಲ ಎತ್ತಿಹಾಕಿ ಸುಮ್ಮನಾಗುವುದಲ್ಲ. ಒಂದೇ ಸಮನೆ, ತಾಳ ಹಾಕಿದ ಹಾಗೆ. ಅಂಗಡಿಯವರು ಡಬ್ಬಿ ತೆರೆದರೆ ಕೆನೆಯ ಗುಲಾಬಿ ಮುಚ್ಚಳಕ್ಕೆ ಅಂಟಿಕೊಂಡಿರುತ್ತಿತ್ತು. ಒಬ್ಬರ ಹುಟ್ಟುಹಬ್ಬದ ಕೇಕಿನ ಮೇಲೆ ಮಗುವಿನ ಹೆಸರು ಅಳಿಸಿ ಬರೀ ಒಂದು ಅಕ್ಷರದ ಬಾಲ ಉಳಿದಿತ್ತಂತೆ.

"ರೀ, ಗಾಡಿ ಕುಣಿಯುತ್ತೆ" ಎಂದಳು ಅಕ್ಕ.

ಭಾವ ಕೂಡಲೇ ಕೈ ತೊಳೆದು ಗಾಡಿ ಹತ್ತಿದರು. ಅವರದ್ದೊಂದು ಪದ್ಧತಿಯಿದೆ. ಯಾವ ಗಾಡಿಯಾದರೂ ಸರಿ, ತಮ್ಮ ದೊಡ್ಡ ಸಾಮಾನಿನ ಪೆಟ್ಟಿಗೆಯನ್ನೂ ಎರಡು ಜ್ಯಾಕುಗಳನ್ನೂ ಹಿಂದೆ ಹೇರಿಕೊಂಡು, ಹಳೆಯ ರಸ್ತೆಯಲ್ಲಿ ಸೇತುವೆಯ ತನಕ ಹೋಗಿ ಬರುತ್ತಾರೆ. ದಾರಿಯಲ್ಲಿ ಏನಾದರೂ ಬಿಚ್ಚಿ ನೋಡಬೇಕಾಗಿ ಬಂದರೆ ಕೈಗೆ ಸಾಮಾನು ಇರಲಿ ಅಂತ. ವೇಗ ಐವತ್ತು, ಭಾರಿ ಹುಮ್ಮಸ್ಸು ಬಂದರೆ ಐವತ್ತೈದು. ಹೋಗಿ ಬಂದು ಇಳಿದು, "ತೊಟ್ಟಿಲು ತೂಗಿದ ಹಾಗೆ ಹೋಗ್ತಿದೆಯಲ್ಲ" ಎಂದರು.

ಆದರೂ ಹೆಂಡತಿ ಹೇಳಿದ ಮೇಲೆ ಸುಮ್ಮನಿರುವ ಜಾತಿಯಲ್ಲ. ನಾಲ್ಕೂ ಚಕ್ರಗಳನ್ನು ಬಿಚ್ಚಿ ಬ್ಯಾಲೆನ್ಸ್ ಮಾಡಿಸಿ ತಂದರು. ಮತ್ತೆ ಕುಣಿಯಿತು. ಚಕ್ರವನ್ನು ಎತ್ತಿ ತಿರುಗಿಸಿ, ಅದರ ಅಂಚಿಗೆ ಸುಣ್ಣದ ಕಡ್ಡಿ ಹಿಡಿದರು. ಚಕ್ರ ಎಲ್ಲಾದರೂ ಉಬ್ಬಿದ್ದರೆ ಅಷ್ಟೇ ಜಾಗಕ್ಕೆ ಗೀಟು ಬೀಳುತ್ತದೆ. ಸುಣ್ಣದ ಕಡ್ಡಿ ನನ್ನದು, ಬಟ್ಟೆಗೆ ಗುರುತು ಹಾಕುವುದು, ಈಗಲೂ ವಾಪಸು ಬಂದಿಲ್ಲ. ಗೀಟು ಸುತ್ತಲೂ ಒಂದೇ ಸಮ ಬಿತ್ತು. ಟೈರಿನಲ್ಲಿ ತಪ್ಪಿಲ್ಲ. ಶಾಕ್ ಅಬ್ಸಾರ್ಬರ್ ಬದಲಾಯಿಸಿದರು. ರಬ್ಬರ್ ಬುಷ್ಷುಗಳನ್ನು ಬದಲಾಯಿಸಿದರು. ಪ್ರತಿ ಸಲವೂ ಪೆಟ್ಟಿಗೆ ಹೇರಿಕೊಂಡು ಸೇತುವೆಯ ತನಕ ಹೋಗಿ ನಗುತ್ತಾ ಬರುವರು. ಪ್ರತಿ ಸಲವೂ ಅಕ್ಕ ಹೆದ್ದಾರಿಗೆ ಹೋಗಿ ಮುಖ ಸಣ್ಣ ಮಾಡಿಕೊಂಡು ಬರುವಳು.

ಕೊನೆಗೊಂದು ದಿನ ಭಾವನ ಬಾಯಿಂದ ಆ ಮಾತು ಬಂತು. "ಗಾಡಿಯಲ್ಲಿ ಏನೂ ಇಲ್ಲ ಕಣೇ. ನಿನ್ನ ಕಾಲೇ ಸ್ವಲ್ಪ ಭಾರ. ಆಕ್ಸಿಲರೇಟರ್ ಒಂದೇ ಸಮ ಒತ್ತಲ್ಲ ನೀನು, ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡ್ತೀಯ. ಅದಕ್ಕೇ ಕುಣಿಯುತ್ತೆ."

ಅಕ್ಕ ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳು ಅದನ್ನು ನಂಬಿಬಿಟ್ಟಳು. ಎಷ್ಟೆಂದರೂ ಊರಿಗೇ ಗಾಡಿಯ ವೈದ್ಯ, ಅವರು ಹೇಳಿದ ಮೇಲೆ ಇನ್ನೇನು! ಮಾರನೆಯ ದಿನದಿಂದ ಕಾಲಿನ ಕಡೆಗೇ ಗಮನವಿಟ್ಟು ಓಡಿಸತೊಡಗಿದಳು. ಬಂದು ನನ್ನ ಮುಂದೆ ಕೂತರೂ ಲಾರಿಯವರ ಕಥೆಯಿಲ್ಲ, ಅಂಗಡಿಯವರ ಕಥೆಯಿಲ್ಲ. ಹೊರಡುವಾಗ ಹಾರನ್ ಕೂಡ ಒತ್ತುತ್ತಿರಲಿಲ್ಲ.

ಒಂದು ಸಂಜೆ ಬೇಕರಿಯ ಯಜಮಾನರು ಅವಳನ್ನು ನಿಲ್ಲಿಸಿ, ಒಳ್ಳೆಯ ಮಾತಿನಲ್ಲಿಯೇ, "ಅಕ್ಕಾ, ಇನ್ನೊಂದು ಕೇಕ್ ಹಾಳಾದ್ರೆ ನಾನು ಬೇರೆ ಗಾಡಿ ನೋಡ್ಕೋಬೇಕಾಗುತ್ತೆ, ತಪ್ಪು ತಿಳ್ಕೋಬೇಡಿ" ಎಂದರಂತೆ. ಅಕ್ಕ ಮೇಲೆ ಬಂದು ನನ್ನ ಮೇಜಿನ ಮೇಲೆ ಗಾಡಿಯ ಕೀ ಇಟ್ಟಳು.

"ನಾಳೆ ಅವರೇ ಕರೆದು ಬೇಡ ಅನ್ನೋ ಮುಂಚೆ ನಾನೇ ಹೋಗಿ ಕೆಲಸ ಬಿಡ್ತೀನಿ ಅಂತ ಹೇಳಿ ಬರ್ತೀನಿ. ಇದು ನನ್ನ ಕೈಲಾಗೋ ಕೆಲಸ ಅಲ್ಲ ಕಣೇ. ಈ ವಯಸ್ಸಲ್ಲಿ ನನಗ್ಯಾಕೆ ಬೇಕಿತ್ತು."

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಆ ದಿನ ಅದು ಮೂಗು ದಾಟಿ ನೆತ್ತಿಗೇರಿತು. ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದೆ. ಭಾವ ಯಾವುದೋ ಕಾರಿನ ಅಡಿಯಲ್ಲಿದ್ದರು.

"ಭಾವ, ಹೊರಗೆ ಬನ್ನಿ."

"ಹೇಳಮ್ಮ, ಕೇಳಿಸ್ತಿದೆ."

"ನಿಮ್ಮ ಕಾಲಿನ ಜೊತೆ ಮಾತಾಡೋಕೆ ಬಂದಿಲ್ಲ. ಮುಖ ಬೇಕು."

ಹೊರಗೆ ಬಂದರು. ನನ್ನ ಕೈಯಲ್ಲಿ ಕತ್ತರಿ ಕಂಡು ಎದ್ದು ನಿಂತರು.

"ಯಾರಾದ್ರೂ ಬಂದು, ಕೈ ಮೇಲೆತ್ತಿದಾಗ ಅಂಗಿ ಬಗಲಲ್ಲಿ ಬಿಗಿಯುತ್ತೆ ಅಂತ ಹೇಳಿದ್ರೆ, ನಾನು ಅವರನ್ನ ಕೈ ಕಟ್ಟಿ ನಿಲ್ಲಿಸಿ ನೋಡಿ, ಎಲ್ಲಾ ಸರಿಯಾಗಿದೆ, ನಿಮ್ಮ ಕೈನೇ ಸರಿ ಇಲ್ಲ ಅಂದ್ರೆ ಹೇಗಿರುತ್ತೆ?"

"ಚೆನ್ನಾಗಿರಲ್ಲ."

"ನೀವು ಮಾಡ್ತಿರೋದು ಅದನ್ನೇ. ಅವಳು ಹೆದ್ದಾರಿಯಲ್ಲಿ, ಎಂಬತ್ತರಲ್ಲಿ ಕುಣಿಯುತ್ತೆ ಅಂತಾಳೆ. ನೀವು ಸೇತುವೆ ತನಕ ಐವತ್ತರಲ್ಲಿ ಹೋಗಿ ಬಂದು ಅವಳ ಕಾಲಿಗೆ ಹೆಸರಿಡ್ತೀರ. ಅವಳು ನಾಳೆ ಕೆಲಸ ಬಿಡ್ತಾಳೆ. ಕೀ ನನ್ನ ಮೇಜಿನ ಮೇಲಿದೆ."

ಭಾವನ ಮುಖ ಇಳಿಯಿತು. ಕೈಗೆ ಮೆತ್ತಿದ್ದ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿದರು, ಒರೆಸಿದ ಕೈಯನ್ನೇ ಮತ್ತೆ ಒರೆಸಿದರು.

"ಆ ರಸ್ತೆಗೆ ನಾನು ಹೋಗಲ್ಲ ಅಂತ ನಿನಗೆ ಗೊತ್ತು."

"ನೀವು ಟೂ ಬಿಟ್ಟಿರೋದು ರಸ್ತೆಗೆ ಗೊತ್ತೇ ಇಲ್ಲ ಭಾವ. ಅಕ್ಕನಿಗೆ ಗೊತ್ತು, ಅಷ್ಟೇ."

ಇಷ್ಟು ಹೇಳಿ ಮೇಲೆ ಬಂದೆ. ಮಾತು ಹೆಚ್ಚಾಯಿತೇನೋ ಎಂದು ಒಳಗೇ ಅನಿಸುತ್ತಿತ್ತು, ಆದರೆ ಆಡಿದ ಮಾತಿಗೆ ಹೊಲಿಗೆ ಬಿಚ್ಚುವ ಅಭ್ಯಾಸ ನನಗಿಲ್ಲ.

ಬೆಳಗ್ಗೆ ಭಾವ ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಪಿಕಪ್ಪಿನ ಪಕ್ಕ ನಿಂತಿದ್ದರು. ಬೀಗರ ಮನೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ಪೆಟ್ಟಿಗೆ, ಜ್ಯಾಕು ಏನನ್ನೂ ಹೇರಿರಲಿಲ್ಲ. ಹಿಂದೆ ಬೇಕರಿಯ ಖಾಲಿ ಟ್ರೇಗಳು ಮಾತ್ರ ಇದ್ದವು.

"ನೀನೇ ಓಡಿಸು" ಎಂದರು ಅಕ್ಕನಿಗೆ. "ದಿನಾ ಹೇಗೆ ಓಡಿಸ್ತೀಯೋ ಹಾಗೇ. ನಾನು ಇದ್ದೀನಿ ಅಂತ ನೋಡ್ಬೇಡ."

ಅಕ್ಕ ನನ್ನನ್ನೂ ಕರೆದಳು. ಒಬ್ಬಳೇ ಅವರ ಪಕ್ಕ ಕೂರುವ ಧೈರ್ಯ ಅವಳಿಗಿರಲಿಲ್ಲ. ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತೆವು, ನಾನು ನಡುವೆ. ಊರು ದಾಟಿ ಹೆದ್ದಾರಿಯ ಬಾಯಿಗೆ ಬಂದಾಗ ಭಾವ ಹಿಡಿಯನ್ನು ಹಿಡಿದುಕೊಂಡರು. ಬಲಗಾಲು ಆಗಲೇ ಕೆಲಸ ಶುರು ಮಾಡಿತ್ತು.

ಐವತ್ತು, ಅರವತ್ತು. ಏನೂ ಇಲ್ಲ. ಎಪ್ಪತ್ತಕ್ಕೆ ಸೀಟಿನಲ್ಲಿ ಒಂದು ಸಣ್ಣ ನಡುಕ. ಎಂಬತ್ತು ಮುಟ್ಟಿದ್ದೇ ತಡ, ಹಿಂಭಾಗ ಎದ್ದು ಬೀಳತೊಡಗಿತು. ಟ್ರೇಗಳು ಗಲಗಲ ಎಂದವು. ನನ್ನ ಹಲ್ಲುಗಳೂ ಸದ್ದು ಮಾಡಿದವು. ಅಕ್ಕ ಹೆದರಿ ಗಂಡನ ಕಡೆ ನೋಡಿದಳು. ಭಾವ ಅವಳ ಮುಖ ನೋಡಲಿಲ್ಲ, ಅವಳ ಕಾಲನ್ನು ನೋಡುತ್ತಿದ್ದರು. ಆ ಕಾಲು ಪೆಡಲಿನ ಮೇಲೆ ಕದಲದೆ ಕೂತಿತ್ತು. ಗಾಡಿಯಲ್ಲಿದ್ದ ಎಲ್ಲವೂ ಅಲ್ಲಾಡುತ್ತಿತ್ತು, ಅದೊಂದನ್ನು ಬಿಟ್ಟು.

"ಅರವತ್ತಕ್ಕೆ ಇಳಿಸು" ಎಂದರು. ಕುಣಿತ ನಿಂತಿತು. "ಮತ್ತೆ ಎಂಬತ್ತು." ಶುರುವಾಯಿತು. ಮುಂದೊಂದು ಕಡೆ ಸ್ವಲ್ಪ ದೂರಕ್ಕೆ ಕಾಂಕ್ರೀಟಿನ ಮೇಲೆ ಡಾಂಬರು ಹಾಕಿದ್ದರು. ಅಲ್ಲಿ ಎಂಬತ್ತರಲ್ಲಿದ್ದರೂ ಗಾಡಿ ಸುಮ್ಮನೆ ಸಾಗಿತು. ಡಾಂಬರು ಮುಗಿದ ಕೂಡಲೇ ಮತ್ತೆ ತಾಳ. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿವಿಗೊಟ್ಟರು. ಕಾಂಕ್ರೀಟಿನ ರಸ್ತೆಯನ್ನು ಚಪ್ಪಡಿ ಚಪ್ಪಡಿಯಾಗಿ ಹಾಕಿರುತ್ತಾರೆ, ಎರಡು ಚಪ್ಪಡಿಗಳ ನಡುವೆ ಒಂದು ಸಂದು. ಚಕ್ರ ಸಂದು ದಾಟಿದಾಗಲೆಲ್ಲ ಟಪ್, ಟಪ್ ಎಂದು ಸದ್ದು. ಆ ಟಪ್ಪಿಗೆ ಸರಿಯಾಗಿ ಗಾಡಿ ಏಳುತ್ತಿತ್ತು.

"ಪಕ್ಕಕ್ಕೆ ನಿಲ್ಲಿಸು" ಎಂದರು. ನಿಂತ ಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ಟೈಲರಮ್ಮ, ತಪ್ಪು ತಿಳ್ಕೋಬಾರ್ದು. ಸ್ವಲ್ಪ ಹೊತ್ತು ಹಿಂದೆ ಕೂರ್ತೀಯಾ? ನಾನೂ ಬರ್ತೀನಿ" ಎಂದರು.

"ಯಾಕೆ?"

"ಹಿಂದೆ ಭಾರ ಬೇಕು."

ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಗೋಣಿಚೀಲ ಹಾಸಿ, ಹಿಂದಿನ ಚಕ್ರಗಳ ನೇರಕ್ಕೆ ನಾನೊಂದು ಪಕ್ಕ, ಭಾವ ಒಂದು ಪಕ್ಕ ಕೂತೆವು. ಟ್ರೇಗಳು ನಮ್ಮ ಮಧ್ಯೆ. ಅಕ್ಕ ಮತ್ತೆ ಎಂಬತ್ತಕ್ಕೆ ತಂದಳು. ಟಪ್ ಟಪ್ ಸದ್ದು ಹಾಗೆಯೇ ಇತ್ತು. ಗಾಡಿ ಮಾತ್ರ ಕುಣಿಯಲಿಲ್ಲ, ಮೆತ್ತಗೆ ತೂಗಿ ತೂಗಿ ಹೋಯಿತು. ನನ್ನ ತೂಕಕ್ಕೆ ಜೀವನದಲ್ಲಿ ಮೊದಲ ಸಲ ಬೆಲೆ ಸಿಕ್ಕಿತ್ತು; ಅದನ್ನು ಹೇಳಿ ನಗಿಸೋಣವೆಂದು ಭಾವನ ಮುಖ ನೋಡಿದೆ. ಅವರು ನಗುವ ಸ್ಥಿತಿಯಲ್ಲಿರಲಿಲ್ಲ. ಕೆಳಗೆ, ಚಕ್ರದ ಕಡೆಗೆ ನೋಡುತ್ತಾ ಕೂತಿದ್ದರು. ಬಣ್ಣ ಬಳಿದು ಮುಚ್ಚಿದ್ದ ಏನೋ ಒಂದು, ನಾವು ಕೂತಿದ್ದ ಹಲಗೆಯ ಮೂಲಕವೇ ಅವರಿಗೆ ಕಾಣಿಸುತ್ತಿದೆ ಎಂದು ನನಗೆ ಅನಿಸಿತು.

ಲಾರಿಗಳು ನಿಲ್ಲುವ ಜಾಗದಲ್ಲಿ ಗಾಡಿ ನಿಲ್ಲಿಸಿದೆವು. ಭಾವ ಒಗೆದ ಅಂಗಿಯಲ್ಲೇ ನೆಲಕ್ಕೆ ಮಲಗಿ ಅಡಿಗೆ ತೂರಿಕೊಂಡರು. ಮತ್ತೆ ಕಾಲು ಮಾತ್ರ ಉಳಿಯಿತು. ಅಕ್ಕ ಆ ಕಾಲುಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತಳು.

"ಏನಾಗಿದೆ ರೀ?"

ಮೊದಲು ಉಕ್ಕು ತಟ್ಟಿ ನೋಡಿದ ಸದ್ದು ಕೇಳಿಸಿತು. ಆಮೇಲೆ ಅಡಿಯಿಂದ ದನಿ ಬಂತು.

"ಇದರಲ್ಲಿ ಒಂದು ಪಟ್ಟಿ ಜಾಸ್ತಿ ಇದೆ. ಎರಡೂ ಕಡೆ ಕಮಾನಿಗೆ ಒಂದೊಂದು."

"ಕಂಪನಿಯವರು ಹಾಕಿದ್ದಾ?"

"ಅಲ್ಲ. ನಾನು ಹಾಕಿದ್ದು." ಕಾಲುಗಳನ್ನು ಸ್ವಲ್ಪ ಒಳಗೆಳೆದುಕೊಂಡು, "ನಿನಗೆ ಕೀ ಕೊಡೋ ಮುಂಚೆ ಹಾಕಿದೆ. ಟೈರಿಗೆ ಗಾಳಿನೂ ಜಾಸ್ತಿ ಹಿಡಿಸಿದೆ. ನೀನು ಏನು ಹೇರ್ತೀಯೋ, ಎಲ್ಲಿ ಹೋಗ್ತೀಯೋ ಅಂತ ಹೆದರಿಕೆ. ಗಟ್ಟಿಗಿರ್ಲಿ ಅಂತ ಹಾಕಿದೆ. ಕಲ್ಲು ಹೇರೋ ಗಾಡಿ ಥರ ಆಗಿದೆ ಇದು. ನೀನು ಹೇರೋದು ಕೇಕು. ಹಗುರ ಇದ್ದಾಗ ಇಷ್ಟು ಗಟ್ಟಿ ಕಮಾನು ಬಗ್ಗೋದೇ ಇಲ್ಲ, ಸಂದು ಸಿಕ್ಕಾಗೆಲ್ಲ ಎತ್ತಿ ಎಸೆಯುತ್ತೆ. ನಾನು ಸೇತುವೆಗೆ ಹೋಗುವಾಗ ಪೆಟ್ಟಿಗೆ ಹೇರ್ಕೊಂಡು ಹೋಗ್ತಿದ್ದೆ. ಗೊತ್ತಾಗ್ಲಿಲ್ಲ."

ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದು, ಮತ್ತೆ ಮುಚ್ಚಿದೆ. ನನ್ನ ಜನ್ಮದಲ್ಲಿ ಹಾಗೆ ಮಾಡಿದ್ದು ಕಡಿಮೆ.

"ನನ್ನ ಮೇಲೆ ನಂಬಿಕೆ ಇರ್ಲಿಲ್ಲ ನಿಮಗೆ" ಎಂದಳು ಅಕ್ಕ.

ಭಾವ ಹೊರಗೆ ಬಂದು ಅವಳ ಎದುರಿಗೆ ಎದ್ದು ಕೂತರು. ಬೆನ್ನಿಗೆಲ್ಲ ಧೂಳು, ಹಣೆಗೆ ಗ್ರೀಸು.

"ನಿನ್ನ ಮೇಲೆ ಅಲ್ಲ. ಅಪ್ಪನ ಪಕ್ಕ ಕೂತಿದ್ದಾಗ ಕಮಾನು ಮುರಿದ ಸದ್ದು ಇನ್ನೂ ಕಿವಿಯಲ್ಲಿದೆ. ನೀನು ಗಾಡಿ ಕಲಿತೆ ಅಂದಾಗ ಮೊದಲು ಅದೇ ಕೇಳಿಸಿತು." ಆಮೇಲೆ ತಲೆ ಎತ್ತಿ ನೇರವಾಗಿ ನೋಡಿ ಹೇಳಿದರು: "ತಪ್ಪು ನಿನ್ನ ಕಾಲಲ್ಲಿ ಇರ್ಲಿಲ್ಲ ಕಣೇ, ನನ್ನ ಕೈಯಲ್ಲಿತ್ತು. ನೀನು ಚೆನ್ನಾಗಿ ಓಡಿಸ್ತೀಯ. ನನಗಿಂತ ಚೆನ್ನಾಗಿ ಓಡಿಸ್ತೀಯ."

ಅಕ್ಕನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ತನ್ನ ಕಣ್ಣು ಒರೆಸಿಕೊಳ್ಳುವ ಬದಲು ಗಂಡನ ಹಣೆಯ ಗ್ರೀಸು ಒರೆಸಿದಳು. ಅದು ಹೋಗಲಿಲ್ಲ, ಇನ್ನಷ್ಟು ಅಗಲವಾಯಿತು. ಆಮೇಲೆ ಎದ್ದು, "ಮತ್ತೆ ಇಲ್ಲೇ ಕೂತಿರೋದಾ? ನಡೀರಿ, ಬಿಚ್ಚೋಣ" ಎಂದಳು. ಕೆಲಸ ಬಿಡುವ ಮಾತಾಡಲು ಅವಳು ಬೇಕರಿಗೆ ಹೋಗಬೇಕಾಗಿತ್ತು ಎನ್ನುವುದು ಆಗ ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ.

ಆ ಮಧ್ಯಾಹ್ನ ಗ್ಯಾರೇಜಿನಲ್ಲಿ ಗಂಡ ಹೆಂಡತಿ ಇಬ್ಬರೂ ಗಾಡಿಯ ಅಡಿಗೆ ಮಲಗಿದ್ದರು. ನನ್ನ ಕಿಟಕಿಯಿಂದ ನಾಲ್ಕು ಕಾಲು ಕಾಣುತ್ತಿದ್ದವು. ಬೋಲ್ಟು ಸುಲಭಕ್ಕೆ ಬಿಚ್ಚಿಕೊಳ್ಳುತ್ತದೆಯೇ? ಬಿಗಿದವರು ಯಾರು! ಎಣ್ಣೆ ಹಾಕಿ, ಸುತ್ತಿಗೆಯಲ್ಲಿ ಬಡಿದು, ಸ್ಪ್ಯಾನರಿಗೆ ಉದ್ದದ ಕೊಳವೆ ತೂರಿಸಿ ಇಬ್ಬರೂ ಸೇರಿ ಜಗ್ಗಿದರು. "ಯಾವ ಮಹಾನುಭಾವ ರೀ ಇದನ್ನ ಬಿಗಿದೋನು?" ಎಂದು ಅಕ್ಕ ಅಡಿಯಿಂದ ಕೂಗುತ್ತಿದ್ದಳು. ಭಾವ ನಗುತ್ತಿದ್ದರು. ಹೆಚ್ಚಿನ ಪಟ್ಟಿಗಳನ್ನು ತೆಗೆದು, ಟೈರಿನ ಗಾಳಿಯನ್ನು ಎಷ್ಟಿರಬೇಕೋ ಅಷ್ಟಕ್ಕೆ ಇಳಿಸಿದರು. ಗಾಡಿಯ ಹಿಂಭಾಗ ಸ್ವಲ್ಪ ಕೆಳಗೆ ಬಂದು, ಉಸಿರು ಬಿಟ್ಟು ಕೂತವರ ಹಾಗೆ ಕಂಡಿತು.

ಮಾರನೆಯ ಬೆಳಗ್ಗೆ ಅಕ್ಕ ಭಾವನನ್ನು ಪಕ್ಕ ಕೂರಿಸಿಕೊಂಡು ಹೋಗಿ ಬೇಕರಿಯ ಮುಂದೆ ಗಾಡಿ ನಿಲ್ಲಿಸಿ, "ಇವತ್ತು ದೊಡ್ಡ ಕೇಕ್ ಕೊಡಿ" ಎಂದು ಕೇಳಿದಳು. ಯಜಮಾನರು ಅವಳ ಮುಖ ನೋಡಿ, ಭಾವನ ಮುಖ ನೋಡಿ, ಕೊನೆಗೆ ದೇವರ ಮೇಲೆ ಭಾರ ಹಾಕಿ ಎರಡಂತಸ್ತಿನ ಕೇಕೊಂದನ್ನು ಏರಿಸಿಕೊಟ್ಟರು. ಅದರ ನೆತ್ತಿಯ ಮೇಲೆ ಕೆನೆಯ ಗುಲಾಬಿ ಇತ್ತು. ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋದೆ. ಗಿರಾಕಿಗಳು ಕಾಯಲಿ, ಇಂಥದ್ದು ದಿನಾ ನೋಡಲು ಸಿಗುವುದಿಲ್ಲ. ಹೊರಡುವಾಗ ಅಕ್ಕ ಹಾರನ್ ಒತ್ತಿದಳು.

ಎಂಬತ್ತಕ್ಕೆ ಬಂದಾಗ ಮೂವರೂ ಉಸಿರು ಹಿಡಿದೆವು. ಟಪ್ ಟಪ್ ಸದ್ದು ಕೇಳಿಸಿತು, ಗಾಡಿ ಸಣ್ಣಗೆ ತೂಗಿತು, ಅಷ್ಟೇ. ಪಟ್ಟಣದ ಅಂಗಡಿಯವನು ಡಬ್ಬಿಯ ಮುಚ್ಚಳ ತೆಗೆದಾಗ ಗುಲಾಬಿ ಇದ್ದ ಜಾಗದಲ್ಲೇ ಇತ್ತು. ಅಕ್ಕ ಏನೂ ಆಗದವಳ ಹಾಗೆ ಖಾಲಿ ಟ್ರೇ ತೆಗೆದುಕೊಂಡು ಬಂದಳು. ಗಾಡಿಯ ಹತ್ತಿರ ಬಂದ ಮೇಲೆ ಟ್ರೇಯನ್ನು ಎದೆಗೆ ಒತ್ತಿಕೊಂಡು, ಯಾರೂ ನೋಡುತ್ತಿಲ್ಲವೆಂದುಕೊಂಡು, ನಿಂತಲ್ಲೇ ಎರಡು ಸಲ ಕುಣಿದಳು.

ವಾಪಸು ಬರುವಾಗ ಎರಡು ರಸ್ತೆಗಳು ಬೇರೆಯಾಗುವ ಜಾಗ ಬಂತು. ಎಡಕ್ಕೆ ಹಳೆಯ ರಸ್ತೆ, ಬಲಕ್ಕೆ ಹೆದ್ದಾರಿ. ಅಕ್ಕ ವೇಗ ತಗ್ಗಿಸಿ, "ಯಾವ ಕಡೆ ಹೋಗ್ಲಿ ರೀ?" ಎಂದು ಕೇಳಿದಳು.

"ಓಡಿಸೋಳು ನೀನು" ಎಂದರು ಭಾವ. "ನನ್ನನ್ಯಾಕೆ ಕೇಳ್ತೀಯ?"

ಅಕ್ಕ ಬಲಕ್ಕೆ ತಿರುಗಿಸಿದಳು. ವೇಗ ಏರಿತು, ಎಂಬತ್ತಾಯಿತು. ನಾನು ಇಬ್ಬರ ನಡುವೆ ಕೂತು ನನ್ನ ಮಂಚದ ಪಟ್ಟಿಗಳ ವಿಚಾರವನ್ನು ಈಗಲೇ ಎತ್ತುವುದು ಒಳ್ಳೆಯದು, ಮನುಷ್ಯ ಮೆತ್ತಗಾಗಿದ್ದಾರೆ ಎಂದು ಲೆಕ್ಕ ಹಾಕುತ್ತಿದ್ದೆ. "ಭಾವ, ನನ್ನ ಮಂಚದ್ದೂ ಒಂದೆರಡು ಪಟ್ಟಿ ಬಿಚ್ಚಿಕೊಡಿ" ಎಂದೆ. ತಿರುಗಿ ನೋಡಿದೆ. ಕೈ ಹಿಡಿಯಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ ಹತ್ತಿತ್ತು, ಗೊರಕೆ ಮಾತ್ರ ಇನ್ನೂ ಶುರುವಾಗಿರಲಿಲ್ಲ.

"ಅಕ್ಕಾ, ನೋಡೇ" ಎಂದು ಪಿಸುಗುಟ್ಟಿದೆ.

ಅಕ್ಕ ರಸ್ತೆಯಿಂದ ಕಣ್ಣು ತೆಗೆದು ಒಂದು ಕ್ಷಣ ಅವರ ಮುಖ ನೋಡಿದಳು, ಆಮೇಲೆ ಅವರ ಬಲಗಾಲು ನೋಡಿದಳು. ಅದು ಚಪ್ಪಲಿಯಿಂದ ಹೊರಗೆ ಬಂದು, ಏನನ್ನೂ ಒತ್ತದೆ, ಒಂದು ಪಕ್ಕ ವಾಲಿಕೊಂಡು ಬಿದ್ದಿತ್ತು. ಮುಂದೆ ಒಂದು ಲಾರಿ ಹೋಗುತ್ತಿತ್ತು. ಅಕ್ಕ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಅದನ್ನು ದಾಟಿಕೊಂಡು ಹೋದಳು. ಭಾವನಿಗೆ ಎಚ್ಚರವಾಗಲಿಲ್ಲ.